ಭಾವನೆಗಳನ್ನು ಸೂಚಿಸುವ ಇಂಗ್ಲಿಷ್ ಪದಗಳು: ವಾಕ್ಯಗಳಲ್ಲಿ ಸರಿಯಾದ ಬಳಕೆ

(ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಅಭ್ಯಾಸ ಲೇಖನ)

ಜಿಲ್ಲೆಯ ಸರ್ಕಾರಿ ಹಾಗೂ ಅನುದಾನಿತ ಪ್ರೌಢಶಾಲೆಗಳ ಮತ್ತು ವಸತಿ ಶಾಲೆಗಳ 8ರಿಂದ 10ನೇ ತರಗತಿಯ ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಈ ಅಭ್ಯಾಸ ಲೇಖನವನ್ನು ಪ್ರಕಟಿಸಲಾಗಿದೆ. ಮುದ್ರಿತ ಪ್ರತಿ ತಲುಪದ ಶಾಲೆಗಳವರು ಪಿಡಿಎಫ್ ಪ್ರತಿಯನ್ನು ಬಳಸಿಕೊಳ್ಳುವುದು. ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿಯೇ ಕೊಡಲಾಗಿದೆ. ವಿದ್ಯಾರ್ಥಿಗಳು ಪ್ರತಿಯೊಂದು ವಾಕ್ಯವನ್ನೂ ಮೊದಲು ಬಾಯಲ್ಲಿ ಹೇಳಿ, ಅನಂತರ ಇಂಗ್ಲಿಷ್ ಅಕ್ಷರಗಳಲ್ಲಿ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆಯತಕ್ಕದ್ದು. ಕಾಗುಣಿತದ ಅಭ್ಯಾಸವೂ ಅದರಿಂದಲೇ ಆಗುತ್ತದೆ.

ವಸತಿ ಶಾಲೆಗೆ ಹೊಸದಾಗಿ ಸೇರಿದ ಎಂಟನೇ ತರಗತಿಯ ಬಾಲಕಿಯೊಬ್ಬಳು ತನ್ನ ಇಂಗ್ಲಿಷ್ ದಿನಚರಿಯಲ್ಲಿ ‘ಐ ಆ್ಯಮ್ ಬೋರಿಂಗ್ ಇನ್ ಹಾಸ್ಟೆಲ್’ ಎಂದು ಬರೆದಳೆಂದು ಭಾವಿಸಬಹುದು. ಅವಳ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯ ‘ಹಾಸ್ಟೆಲಿನಲ್ಲಿ ನನಗೆ ಬೇಸರವಾಗುತ್ತಿದೆ’ ಎಂಬುದು. ಊರು, ತಾಯಿ, ತಮ್ಮ, ಹಿತ್ತಿಲಲ್ಲಿ ಕಟ್ಟಿದ ಕರು ಇವೆಲ್ಲ ನೆನಪಾಗಿ ಅವಳಿಗೆ ರಾತ್ರಿ ನಿದ್ರೆ ಹತ್ತುತ್ತಿಲ್ಲ. ಆದರೆ ಅವಳು ಬರೆದ ಇಂಗ್ಲಿಷ್ ವಾಕ್ಯದ ಅರ್ಥ ‘ಹಾಸ್ಟೆಲಿನಲ್ಲಿ ನಾನು ಇತರರಿಗೆ ಬೇಸರ ತರಿಸುವ ಹುಡುಗಿ’ ಎಂದಾಗುತ್ತದೆ. ಶಿಕ್ಷಕರು ಕೆಂಪು ಮಸಿಯಿಂದ ‘ಬೋರಿಂಗ್’ ಎಂಬುದನ್ನು ಹೊಡೆದು ‘ಬೋರ್ಡ್’ ಎಂದು ತಿದ್ದಿದರೆ ವ್ಯಾಕರಣವೇನೋ ಸರಿಹೋಯಿತು. ಬಾಲಕಿಯ ಮಾತು ಇನ್ನೂ ಸರಿಹೋಗಲಿಲ್ಲ. ‘ಬೋರ್ಡ್’ ಎಂದರೆ ಹೊತ್ತು ಹೋಗದೆ ಬೇಸತ್ತವಳು ಎಂದರ್ಥ. ಅದನ್ನು ಓದಿದ ವಾರ್ಡನ್ ಅವಳ ಕೈಗೆ ಕೇರಂ ಹಲಗೆ ಕೊಟ್ಟಾರು. ಅವಳಿಗೆ ಬೇಕಾದದ್ದು ತಾಯಿಯೊಡನೆ ಐದು ನಿಮಿಷದ ಫೋನ್ ಮಾತು. ಅವಳು ಬರೆಯಬೇಕಾಗಿದ್ದ ಪದ ‘ಹೋಮ್‌ಸಿಕ್’.

ಭಾವನೆಯನ್ನು ಸೂಚಿಸುವ ಪದ ತಪ್ಪಿದಾಗ ಪರೀಕ್ಷೆಯಲ್ಲಿ ಅಂಕ ಹೋಗುವುದು ಸಣ್ಣ ನಷ್ಟ. ಹೇಳಬೇಕಾದ ಮಾತು ಹೇಳಬೇಕಾದವರಿಗೆ ತಲುಪದಿರುವುದು ದೊಡ್ಡ ನಷ್ಟ. ಈ ತಪ್ಪುಗಳು ಬಹುಮಟ್ಟಿಗೆ ಒಂದೇ ಮೂಲದಿಂದ ಹುಟ್ಟುತ್ತವೆ. ಆ ಮೂಲವನ್ನು ತಿಳಿದರೆ ತಿದ್ದಿಕೊಳ್ಳುವುದು ಕಷ್ಟವಲ್ಲ.

‘ನನಗೆ’ ಮತ್ತು ‘ಐ’

ಕನ್ನಡದಲ್ಲಿ ಭಾವನೆಯು ಮನುಷ್ಯನ ಬಳಿಗೆ ಬರುತ್ತದೆ. ‘ನನಗೆ ಕೋಪ ಬಂತು’, ‘ಅವಳಿಗೆ ಭಯವಾಯಿತು’, ‘ತಮ್ಮನಿಗೆ ಸಂತೋಷವಾಗಿದೆ’ ಎಂಬ ವಾಕ್ಯಗಳನ್ನು ಗಮನಿಸಬೇಕು. ಕೋಪ, ಭಯ, ಸಂತೋಷ ಇವು ನಾಮಪದಗಳು. ಅವುಗಳನ್ನು ಅನುಭವಿಸುವ ವ್ಯಕ್ತಿ ಚತುರ್ಥೀ ವಿಭಕ್ತಿಯಲ್ಲಿ, ಎಂದರೆ ‘ಗೆ’ ಪ್ರತ್ಯಯದೊಡನೆ, ನಿಂತಿದ್ದಾನೆ. ಬಂದದ್ದು ಕೋಪ, ಆದದ್ದು ಭಯ. ವ್ಯಕ್ತಿ ಅದನ್ನು ಬರಮಾಡಿಕೊಂಡವನು ಮಾತ್ರ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ವ್ಯಕ್ತಿಯೇ ಕರ್ತೃಸ್ಥಾನದಲ್ಲಿ ನಿಲ್ಲುತ್ತಾನೆ, ಭಾವನೆ ಅವನ ಗುಣವಾಚಕವಾಗುತ್ತದೆ: ‘ಐ ಆ್ಯಮ್ ಆ್ಯಂಗ್ರಿ’, ‘ಶಿ ವಾಸ್ ಅಫ್ರೇಡ್’, ‘ಮೈ ಬ್ರದರ್ ಈಸ್ ಹ್ಯಾಪಿ’.

ಹಸಿವು ಬಾಯಾರಿಕೆಗಳಿಗೂ ಇದೇ ಕ್ರಮ. ‘ನನಗೆ ಹಸಿವಾಗಿದೆ’ ಎಂಬುದಕ್ಕೆ ‘ಐ ಆ್ಯಮ್ ಹಂಗ್ರಿ’ ಎನ್ನುವುದನ್ನು ಮಕ್ಕಳು ಚಿಕ್ಕಂದಿನಲ್ಲಿಯೇ ಕಲಿತಿರುತ್ತಾರೆ. ‘ಟು ಮಿ ಹಂಗರ್ ಈಸ್’ ಎಂದು ಯಾರೂ ಬರೆಯುವುದಿಲ್ಲ. ಹಸಿವಿನಲ್ಲಿ ಮಾಡದ ತಪ್ಪನ್ನು ಕೋಪದಲ್ಲಿ ಮಾತ್ರ ಮಾಡುವುದೇಕೆ? ‘ಆ್ಯಂಗರ್ ಕೇಮ್ ಟು ಮಿ’ ಎಂಬ ವಾಕ್ಯ ಉತ್ತರ ಪತ್ರಿಕೆಯಲ್ಲಿ ಕಂಡಾಗ ಅದರ ಹಿಂದೆ ‘ನನಗೆ ಕೋಪ ಬಂತು’ ಎಂಬ ಕನ್ನಡ ವಾಕ್ಯ ಪದಕ್ಕೆ ಪದವಾಗಿ ನಿಂತಿರುವುದು ಸ್ಪಷ್ಟ. ಕನ್ನಡದಲ್ಲಿಯೂ ‘ಅವಳು ನಾಚಿದಳು’, ‘ಅವನು ಹೆದರಿದನು’, ‘ತಾಯಿ ಹಿಗ್ಗಿದಳು’ ಎಂದು ವ್ಯಕ್ತಿಯನ್ನೇ ಕರ್ತೃವಾಗಿಸುವ ಕ್ರಿಯಾಪದಗಳಿವೆ ಎಂಬುದನ್ನು ಇಲ್ಲಿಯೇ ಹೇಳಬೇಕು. ಭಾಷಾಂತರಿಸುವಾಗ ‘ನನಗೆ ಭಯವಾಯಿತು’ ಎಂಬುದನ್ನು ಮನಸ್ಸಿನಲ್ಲಿ ಒಮ್ಮೆ ‘ನಾನು ಹೆದರಿದೆನು’ ಎಂದು ತಿರುಗಿಸಿಕೊಂಡರೆ ಇಂಗ್ಲಿಷಿನ ಅರ್ಧ ದಾರಿ ಕ್ರಮಿಸಿದಂತೆಯೇ.

ಎರಡನೆಯ ತೊಡಕು ನಾಮಪದ ಮತ್ತು ಗುಣವಾಚಕಗಳ ಗೊಂದಲ. ಭರತನ ನಾಟ್ಯಶಾಸ್ತ್ರವು ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ ಎಂದು ಎಂಟು ಸ್ಥಾಯಿಭಾವಗಳನ್ನು ಹೇಳುತ್ತದೆ. ಯಕ್ಷಗಾನ, ಬಯಲಾಟಗಳನ್ನು ನೋಡಿ ಬೆಳೆದ ಮಕ್ಕಳಿಗೆ ಇವುಗಳ ರೂಪ ಮುಖದ ಮೇಲೆ ಕಂಡು ಗೊತ್ತು. ಈ ಎಂಟೂ ನಾಮಪದಗಳೇ. ಇಂಗ್ಲಿಷಿಗೆ ಹೋಗುವಾಗ ಇವುಗಳಿಗೆ ಎರಡೆರಡು ರೂಪ ಬೇಕಾಗುತ್ತದೆ: ಕ್ರೋಧವು ‘ಆ್ಯಂಗರ್’, ಕ್ರೋಧಗೊಂಡವನು ‘ಆ್ಯಂಗ್ರಿ’, ಭಯವು ‘ಫಿಯರ್’, ಹೆದರಿದವನು ‘ಅಫ್ರೇಡ್’, ವಿಸ್ಮಯವು ‘ಸರ್ಪ್ರೈಸ್’, ಬೆರಗಾದವನು ‘ಸರ್ಪ್ರೈಸ್ಡ್’. ಹಾಗೆಯೇ ಹೆಮ್ಮೆಗೆ ‘ಪ್ರೈಡ್’ ಮತ್ತು ‘ಪ್ರೌಡ್’, ಹೊಟ್ಟೆಕಿಚ್ಚಿಗೆ ‘ಜೆಲಸಿ’ ಮತ್ತು ‘ಜೆಲಸ್’, ಅವಮಾನಕ್ಕೆ ‘ಶೇಮ್’ ಮತ್ತು ‘ಅಶೇಮ್ಡ್’. ‘ಐ ಆ್ಯಮ್’ ಎಂಬುದರ ಮುಂದೆ ಬರಬೇಕಾದದ್ದು ಎರಡನೆಯ ರೂಪ. ‘ಐ ಆ್ಯಮ್ ಫಿಯರ್’ ಎಂದರೆ ‘ನಾನೇ ಭಯ’ ಎಂದಾಗುತ್ತದೆ; ಅದು ಬಯಲಾಟದ ರಾಕ್ಷಸನ ಪಾತ್ರಕ್ಕೆ ಒಪ್ಪೀತು, ರಜೆಯ ಅರ್ಜಿಗೆ ಒಪ್ಪದು.

‘ಅಫ್ರೇಡ್’ ಪದಕ್ಕೆ ಒಂದು ವಿಶೇಷವಿದೆ. ಅದು ನಾಮಪದದ ಹಿಂದೆ ನೇರವಾಗಿ ನಿಲ್ಲುವುದಿಲ್ಲ. ‘ದ ಚೈಲ್ಡ್ ಈಸ್ ಅಫ್ರೇಡ್’ ಸರಿ, ‘ಆ್ಯನ್ ಅಫ್ರೇಡ್ ಚೈಲ್ಡ್’ ತಪ್ಪು. ಅಲ್ಲಿ ‘ಎ ಫ್ರೈಟನ್ಡ್ ಚೈಲ್ಡ್’ ಎನ್ನಬೇಕು.

ಕೋಪ ಇರುವುದು, ಕೋಪ ಬರುವುದು

ಕನ್ನಡದ ‘ಇದೆ’, ‘ಬಂತು’, ‘ಬರುತ್ತದೆ’ ಇವುಗಳ ವ್ಯತ್ಯಾಸವನ್ನು ಇಂಗ್ಲಿಷ್ ತನ್ನದೇ ರೀತಿಯಲ್ಲಿ ತೋರಿಸುತ್ತದೆ. ‘ಅಪ್ಪನಿಗೆ ಈಗ ಕೋಪ ಇದೆ’ ಎಂದರೆ ‘ಫಾದರ್ ಈಸ್ ಆ್ಯಂಗ್ರಿ ನೌ’. ‘ಅಪ್ಪನಿಗೆ ಕೋಪ ಬಂತು’ ಎಂದರೆ ‘ಫಾದರ್ ಗಾಟ್ ಆ್ಯಂಗ್ರಿ’. ‘ತಡವಾಗಿ ಬಂದರೆ ಅಪ್ಪನಿಗೆ ಕೋಪ ಬರುತ್ತದೆ’ ಎಂಬುದು ರೂಢಿಯನ್ನು ಹೇಳುವ ಮಾತು, ಆದ್ದರಿಂದ ‘ಫಾದರ್ ಗೆಟ್ಸ್ ಆ್ಯಂಗ್ರಿ ಇಫ್ ವಿ ಆರ್ ಲೇಟ್’. ‘ಬರು’ ಎಂಬ ಕ್ರಿಯಾಪದಕ್ಕೆ ಇಲ್ಲಿ ‘ಕಮ್’ ಅಲ್ಲ, ‘ಗೆಟ್’ ಸಮಾನ.

‘ಇಷ್ಟ’ ಎಂಬುದೂ ಕನ್ನಡದಲ್ಲಿ ‘ನನಗೆ’ ಎಂದೇ ಆರಂಭವಾಗುತ್ತದೆ. ಇಂಗ್ಲಿಷಿನ ‘ಲೈಕ್’ ಸ್ವತಃ ಕ್ರಿಯಾಪದವಾದ್ದರಿಂದ ಅದಕ್ಕೆ ‘ಆ್ಯಮ್’ ಬೇಕಿಲ್ಲ. ‘ಐ ಲೈಕ್ ಮ್ಯಾಂಗೋಸ್’ ಎಂದರೆ ನನಗೆ ಮಾವಿನ ಹಣ್ಣು ಇಷ್ಟ. ‘ಐ ಆ್ಯಮ್ ಲೈಕ್ ಎ ಮ್ಯಾಂಗೋ’ ಎಂದರೆ ನಾನು ಮಾವಿನ ಹಣ್ಣಿನಂತಿದ್ದೇನೆ! ‘ಲವ್’, ‘ಹೇಟ್’ ಇವುಗಳಿಗೂ ಇದೇ ನಿಯಮ. ಜಾಹೀರಾತುಗಳಲ್ಲಿ ಬೇರೆ ರೂಪ ಕಂಡರೂ ಪರೀಕ್ಷೆಯಲ್ಲಿ ‘ಐ ಆ್ಯಮ್ ಲೈಕಿಂಗ್’, ‘ಐ ಆ್ಯಮ್ ಹೇಟಿಂಗ್’ ಎಂದು ಬರೆಯಬಾರದು.

‘ಗೊಂಡ’ ಮತ್ತು ‘ತರಿಸುವ’

ಬೋರ್ಡ್–ಬೋರಿಂಗ್, ಇಂಟರೆಸ್ಟೆಡ್–ಇಂಟರೆಸ್ಟಿಂಗ್, ಎಕ್ಸೈಟೆಡ್–ಎಕ್ಸೈಟಿಂಗ್ ಈ ಜೋಡಿಗಳಲ್ಲಿ ತಪ್ಪುವವರೇ ಹೆಚ್ಚು. ಇದಕ್ಕೊಂದು ಕಾರಣವಿದೆ. ಮಕ್ಕಳು ಇಂಗ್ಲಿಷ್ ವ್ಯಾಕರಣದಲ್ಲಿ ಬಹಳ ಬೇಗ ಕಲಿಯುವ ವಾಕ್ಯ ‘ಐ ಆ್ಯಮ್ ರೀಡಿಂಗ್’, ‘ಐ ಆ್ಯಮ್ ಪ್ಲೇಯಿಂಗ್’ ಎಂಬ ವರ್ತಮಾನದ ರೂಪ. ‘ಬೇಸರವಾಗುತ್ತಿದೆ’ ಎಂಬಲ್ಲಿಯೂ ‘ಉತ್ತಿದೆ’ ಇರುವುದರಿಂದ ಅದೇ ಅಚ್ಚಿನಲ್ಲಿ ‘ಐ ಆ್ಯಮ್ ಬೋರಿಂಗ್’ ಎಂದು ಎರಕ ಹೊಯ್ಯುತ್ತಾರೆ. ಅಚ್ಚು ಸರಿ, ಹೊಯ್ದದ್ದು ತಪ್ಪು ಲೋಹ. ಇಲ್ಲಿ ‘ಇಂಗ್’ ಕಾಲವನ್ನು ಸೂಚಿಸುತ್ತಿಲ್ಲ. ಭಾವನೆಯನ್ನು ಹುಟ್ಟಿಸುವ ವಸ್ತು ಯಾವುದು ಎಂಬುದನ್ನು ಸೂಚಿಸುತ್ತಿದೆ.

ಕನ್ನಡದಲ್ಲಿಯೇ ಇದಕ್ಕೆ ಒಂದು ಪರೀಕ್ಷೆ ಉಂಟು. ಹೇಳಬೇಕಾದ ಪದವನ್ನು ‘ಗೊಂಡ’ ಎಂದು ಮುಗಿಸಲು ಬರುವುದೋ, ‘ತರಿಸುವ’ ಅಥವಾ ‘ಹುಟ್ಟಿಸುವ’ ಎಂದು ಮುಗಿಸಲು ಬರುವುದೋ ನೋಡಬೇಕು. ಬೇಸರಗೊಂಡ ಹುಡುಗಿ ‘ಬೋರ್ಡ್’, ಬೇಸರ ತರಿಸುವ ಭಾಷಣ ‘ಬೋರಿಂಗ್’. ಆಶ್ಚರ್ಯಗೊಂಡ ತಾಯಿ ‘ಸರ್ಪ್ರೈಸ್ಡ್’, ಆಶ್ಚರ್ಯ ಹುಟ್ಟಿಸುವ ಫಲಿತಾಂಶ ‘ಸರ್ಪ್ರೈಸಿಂಗ್’. ಅಂತರಶಾಲಾ ಕಬಡ್ಡಿ ಪಂದ್ಯವನ್ನು ನೋಡಿ ಬಂದವರು ‘ದ ಮ್ಯಾಚ್ ವಾಸ್ ಎಕ್ಸೈಟಿಂಗ್, ವಿ ವರ್ ಎಕ್ಸೈಟೆಡ್’ ಎನ್ನಬೇಕು. ಈ ಒಂದು ವಾಕ್ಯವನ್ನು ಕಂಠಪಾಠ ಮಾಡಿದರೂ ಸಾಕು, ಉಳಿದ ಜೋಡಿಗಳು ಅದರ ಹಿಂದೆ ಸಾಲುಗಟ್ಟುತ್ತವೆ.

ಮನುಷ್ಯರಿಗೆ ‘ಇಂಗ್’ ರೂಪ ಬರುವುದೇ ಇಲ್ಲ ಎಂದು ತಿಳಿಯಬಾರದು. ‘ಅವರ್ ಸೈನ್ಸ್ ಟೀಚರ್ ಈಸ್ ಇಂಟರೆಸ್ಟಿಂಗ್’ ಎಂಬುದು ಮೆಚ್ಚುಗೆಯ ಮಾತು: ಅವರು ಆಸಕ್ತಿ ಹುಟ್ಟಿಸುವ ಶಿಕ್ಷಕರು. ‘ಅವರ್ ಸೈನ್ಸ್ ಟೀಚರ್ ಈಸ್ ಇಂಟರೆಸ್ಟೆಡ್’ ಎಂದರೆ ಅವರಿಗೆ ಯಾವುದರಲ್ಲೋ ಆಸಕ್ತಿ ಇದೆ ಎಂದಷ್ಟೇ ಅರ್ಥ. ಸಂದರ್ಶನಕ್ಕೆ ಹೋದ ಅಭ್ಯರ್ಥಿ ‘ಐ ಆ್ಯಮ್ ವೆರಿ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್’ ಎಂದರೆ ತನ್ನನ್ನು ತಾನೇ ಹೊಗಳಿಕೊಂಡಂತೆ ಕೇಳಿಸುತ್ತದೆ.

‘ಮೇಲೆ’ ಎಂದರೆ ಎಲ್ಲೆಡೆ ‘ಆನ್’ ಅಲ್ಲ

ಪುಸ್ತಕ ಮೇಜಿನ ಮೇಲಿದೆ, ಕೋಪ ಗೆಳತಿಯ ಮೇಲಿದೆ. ಕನ್ನಡಕ್ಕೆ ಎರಡೂ ‘ಮೇಲೆ’. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ‘ಆನ್’ ಎಂಬ ಪ್ರಿಪೊಸಿಷನ್ ಬರುತ್ತದೆ, ಎರಡನೆಯದಕ್ಕೆ ಬರುವುದಿಲ್ಲ. ‘ಐ ಆ್ಯಮ್ ಆ್ಯಂಗ್ರಿ ಆನ್ ಹರ್’ ಎಂಬುದು ಕನ್ನಡಿಗರಷ್ಟೇ ಅಲ್ಲ, ಭಾರತದ ಇತರ ಭಾಷಿಕರೂ ಮಾಡುವ ತಪ್ಪು. ವ್ಯಕ್ತಿಯ ಮೇಲಿನ ಕೋಪಕ್ಕೆ ‘ಆ್ಯಂಗ್ರಿ ವಿತ್ ಹರ್’. ಸಂಗತಿಯ ಬಗೆಗಿನ ಕೋಪಕ್ಕೆ ‘ಆ್ಯಂಗ್ರಿ ಅಬೌಟ್ ದ ಡಿಲೇ’. ‘ಆ್ಯಟ್’ ಕೂಡ ಬಳಕೆಯಲ್ಲಿದೆ. ಪ್ರೀತಿ, ನಂಬಿಕೆ, ಹೊಟ್ಟೆಕಿಚ್ಚು ಇವೆಲ್ಲವೂ ಕನ್ನಡದಲ್ಲಿ ‘ಮೇಲೆ’ಯೇ ಕುಳಿತಿರುತ್ತವೆ. ಇಂಗ್ಲಿಷಿನಲ್ಲಿ ಅವು ಬೇರೆ ಬೇರೆ ಜಾಗ ಹಿಡಿಯುತ್ತವೆ: ‘ಲವ್ ಫಾರ್’, ‘ಫೇತ್ ಇನ್’, ‘ಜೆಲಸ್ ಆಫ್’.

‘ಆಫ್’ ಎಂಬುದು ಹೆಚ್ಚು ಭಾವಪದಗಳೊಡನೆ ಬರುವುದರಿಂದ ಅದನ್ನು ಮೊದಲು ಕಲಿಯುವುದು ಲಾಭ. ‘ಅಫ್ರೇಡ್ ಆಫ್ ಸ್ನೇಕ್ಸ್’, ‘ಪ್ರೌಡ್ ಆಫ್ ಮೈ ಸಿಸ್ಟರ್’, ‘ಜೆಲಸ್ ಆಫ್ ಹಿಸ್ ಮಾರ್ಕ್ಸ್’, ‘ಅಶೇಮ್ಡ್ ಆಫ್ ಮೈ ಮಿಸ್ಟೇಕ್’. ಚಿಂತೆ, ಆತಂಕ, ಅಳುಕುಗಳಿಗೆ ‘ಅಬೌಟ್’: ‘ವರೀಡ್ ಅಬೌಟ್ ದ ರಿಸಲ್ಟ್’, ‘ನರ್ವಸ್ ಅಬೌಟ್ ದ ಟೆಸ್ಟ್’. ‘ಹ್ಯಾಪಿ’ ಮಾತ್ರ ಹಲವು ಸಂಗಾತಿಗಳುಳ್ಳ ಪದ. ತನಗೆ ದೊರೆತದ್ದು ತೃಪ್ತಿ ತಂದರೆ ‘ಹ್ಯಾಪಿ ವಿತ್ ಮೈ ಮಾರ್ಕ್ಸ್’. ಸುದ್ದಿ ಕೇಳಿ ಸಂತೋಷವಾದರೆ ‘ಹ್ಯಾಪಿ ಅಬೌಟ್ ದ ನ್ಯೂಸ್’. ಗೆಳೆಯನಿಗೆ ಬಹುಮಾನ ಬಂದುದಕ್ಕೆ ಅವನ ಪರವಾಗಿ ಸಂತೋಷಪಟ್ಟರೆ ‘ಐ ಆ್ಯಮ್ ಹ್ಯಾಪಿ ಫಾರ್ ಯು’. ಆಸಕ್ತಿಯಲ್ಲಿ ಮಾತ್ರ ಕನ್ನಡವೂ ಇಂಗ್ಲಿಷೂ ಒಂದೇ ದಾರಿಯಲ್ಲಿ ನಡೆಯುತ್ತವೆ: ಗಣಿತದಲ್ಲಿ ಆಸಕ್ತಿ, ‘ಇಂಟರೆಸ್ಟೆಡ್ ಇನ್ ಮ್ಯಾಥ್ಸ್’.

ಒಂದು ಕನ್ನಡ ಪದ, ಹಲವು ಇಂಗ್ಲಿಷ್ ಪದಗಳು

ಇದುವರೆಗೆ ಹೇಳಿದ್ದು ವ್ಯಾಕರಣ. ಪದದ ಆಯ್ಕೆ ಅದಕ್ಕಿಂತ ಸೂಕ್ಷ್ಮವಾದ ಕೆಲಸ.

‘ಬೇಸರ’ ಎಂಬ ಒಂದೇ ಪದ ಕನ್ನಡದಲ್ಲಿ ಎಷ್ಟೊಂದು ಹೊರೆ ಹೊತ್ತಿದೆ ಎಂಬುದನ್ನು ನೋಡಬೇಕು. ರಜೆಯ ಮಧ್ಯಾಹ್ನ ಹೊತ್ತು ಹೋಗದೆ ಆಗುವ ಬೇಸರ ‘ಬೋರ್ಡ್’. ನಿರೀಕ್ಷಿಸಿದ ಅಂಕ ಬಾರದೆ ಆಗುವ ಬೇಸರ ‘ಡಿಸಪಾಯಿಂಟೆಡ್’. ಗೆಳತಿ ಆಡಿದ ಮಾತು ಚುಚ್ಚಿ ಆಗುವ ಬೇಸರ ‘ಹರ್ಟ್’. ದಿನವೂ ಅದೇ ಬಸ್ಸಿಗೆ ಒಂದು ಗಂಟೆ ಕಾದು ರೋಸಿಹೋದ ಬೇಸರ ‘ಫೆಡ್ ಅಪ್’, ಅದರ ಸಂಗಾತಿ ‘ವಿತ್’. ಅಜ್ಜ ತೀರಿಕೊಂಡಾಗಿನದು ‘ಸ್ಯಾಡ್’. ಊರು ಬಿಟ್ಟು ಬಂದವರದು ‘ಹೋಮ್‌ಸಿಕ್’. ಇದೇ ಸಂದರ್ಭಕ್ಕೆ ಇಂಗ್ಲಿಷಿನಲ್ಲಿ ‘ಮಿಸ್’ ಎಂಬ ಚಿಕ್ಕ ಕ್ರಿಯಾಪದವೊಂದಿದೆ: ‘ಐ ಮಿಸ್ ಮೈ ಮದರ್’ ಎಂದರೆ ಅಮ್ಮ ಬಳಿಯಲ್ಲಿಲ್ಲದ್ದು ಮನಸ್ಸಿಗೆ ನಾಟುತ್ತಿದೆ ಎಂದರ್ಥ. ಕನ್ನಡದಲ್ಲಿ ‘ನೆನಪಾಗುತ್ತಿದೆ’ ಎಂದು ಹೇಳುವುದರಿಂದ ಮಕ್ಕಳು ‘ಮದರ್ ಮೆಮೊರಿ ಈಸ್ ಕಮಿಂಗ್’ ಎಂದು ಬರೆಯುತ್ತಾರೆ. ‘ಬಸ್ ಮಿಸ್ ಆಯ್ತು’ ಎಂಬಲ್ಲಿ ಕೇಳಿದ ಪದಕ್ಕೆ ಇಂಥದೊಂದು ಮೃದುವಾದ ಅರ್ಥವೂ ಇದೆಯೆಂಬುದು ಅವರಿಗೆ ಹೊಳೆದಿರುವುದಿಲ್ಲ.

‘ನಾಚಿಕೆ’ ಇನ್ನಷ್ಟು ಎಚ್ಚರ ಬೇಡುವ ಪದ. ವೇದಿಕೆ ಏರಲು ಹಿಂಜರಿಯುವ ಸ್ವಭಾವದವನು ‘ಶೈ’. ಎಲ್ಲರೆದುರು ಜಾರಿ ಬಿದ್ದು ಮುಖ ಕೆಂಪಾದವನು ‘ಎಂಬರಾಸ್ಡ್’. ಪರೀಕ್ಷೆಯಲ್ಲಿ ನಕಲು ಮಾಡಿ ಅನಂತರ ತನ್ನ ಕೃತ್ಯಕ್ಕೆ ತಾನೇ ತಲೆ ತಗ್ಗಿಸಿದವನು ‘ಅಶೇಮ್ಡ್’. ಮೊದಲನೆಯದರಲ್ಲಿ ತಪ್ಪೇ ಇಲ್ಲ, ಎರಡನೆಯದರಲ್ಲಿ ಇರುವುದು ಮುಜುಗರ ಮಾತ್ರ, ಮೂರನೆಯದರಲ್ಲಿ ತಪ್ಪಿತಸ್ಥ ಭಾವವಿದೆ. ಪೋಷಕರ ಸಭೆಗೆ ಹೊಲದ ಕೆಲಸ ಬಿಟ್ಟು ನೇರವಾಗಿ ಬಂದ ತಂದೆಯ ಎದುರು ಇಂಗ್ಲಿಷ್ ಪದ್ಯ ಹೇಳಲು ಮಗಳಿಗೆ ನಾಚಿಕೆಯಾಯಿತು. ಅವಳು ಮರುದಿನ ‘ಐ ವಾಸ್ ಅಶೇಮ್ಡ್ ಆಫ್ ಮೈ ಫಾದರ್’ ಎಂದು ಬರೆದರೆ ಅದರ ಅರ್ಥ ‘ಇಂಥವರು ನನ್ನ ತಂದೆಯೆಂಬುದೇ ನನಗೆ ಅವಮಾನ’ ಎಂದಾಗುತ್ತದೆ. ಅವಳ ಮನಸ್ಸಿನಲ್ಲಿ ಅಂಥದೇನೂ ಇರಲಿಲ್ಲ. ‘ಐ ಫೆಲ್ಟ್ ಶೈ ಇನ್ ಫ್ರಂಟ್ ಆಫ್ ಮೈ ಫಾದರ್’ ಎಂದಿದ್ದರೆ ಮುಗಿಯುತ್ತಿತ್ತು. ಶಬ್ದಕೋಶದಲ್ಲಿ ‘ನಾಚಿಕೆ’ಯ ಮುಂದೆ ಅಚ್ಚಾಗಿರುವ ಮೊದಲ ಇಂಗ್ಲಿಷ್ ಪದವನ್ನೇ ಎತ್ತಿಕೊಳ್ಳುವ ಅಭ್ಯಾಸ ಇಂಥ ಕಡೆಗಳಲ್ಲಿ ಅಪಾಯಕಾರಿ.

ಹೆಮ್ಮೆಯ ‘ಪ್ರೌಡ್’ ಕೂಡ ನಿಂತ ಜಾಗದ ಮೇಲೆ ಬಣ್ಣ ಬದಲಿಸುತ್ತದೆ. ‘ಹಿ ಈಸ್ ಪ್ರೌಡ್ ಆಫ್ ಹಿಸ್ ಡಾಟರ್’ ಎಂಬುದು ಒಳ್ಳೆಯ ಹೆಮ್ಮೆ. ‘ಆಫ್’ ಇಲ್ಲದೆ ‘ಹಿ ಈಸ್ ಎ ಪ್ರೌಡ್ ಮ್ಯಾನ್’ ಎಂದರೆ ಜಂಬದವನು ಎಂದೂ ಅರ್ಥವಾಗಬಹುದು.

‘ಸಾರಿ’ ಪದಕ್ಕೆ ಕ್ಷಮೆ ಎಂಬ ಒಂದೇ ಅರ್ಥವಿದೆಯೆಂದು ತಿಳಿದವರು ಸಾವಿನ ಮನೆಯಲ್ಲಿ ಅದನ್ನು ಕೇಳಿ ಗಲಿಬಿಲಿಗೊಳ್ಳುವುದುಂಟು. ‘ಐ ಆ್ಯಮ್ ಸಾರಿ ಫಾರ್ ಬೀಯಿಂಗ್ ಲೇಟ್’ ಕ್ಷಮೆ. ‘ಐ ಆ್ಯಮ್ ಸಾರಿ ಟು ಹಿಯರ್ ಅಬೌಟ್ ಯುವರ್ ಗ್ರ್ಯಾಂಡ್‌ಫಾದರ್’ ಸಂತಾಪ. ಹೇಳಿದವರು ಯಾವ ತಪ್ಪನ್ನೂ ಮಾಡಿಲ್ಲ. ‘ಐ ಫೀಲ್ ಸಾರಿ ಫಾರ್ ಹಿಮ್’ ಕನಿಕರ. ‘ಅಫ್ರೇಡ್’ ಪದವೂ ಹೀಗೆಯೇ ಭಯವನ್ನು ಬಿಟ್ಟು ವಿನಯಕ್ಕೆ ಬಳಕೆಯಾಗುತ್ತದೆ. ಕಚೇರಿಯಲ್ಲಿ ಯಾರಾದರೂ ‘ಐ ಆ್ಯಮ್ ಅಫ್ರೇಡ್ ದ ಆಫೀಸರ್ ಈಸ್ ಆನ್ ಲೀವ್’ ಎಂದರೆ ಅವರಿಗೆ ಅಧಿಕಾರಿಯ ಭಯವೇನೂ ಇಲ್ಲ. ಅಧಿಕಾರಿ ರಜೆಯಲ್ಲಿದ್ದಾರೆಂದು ವಿಷಾದದಿಂದ ತಿಳಿಸುತ್ತಿದ್ದಾರೆ.

ಕನ್ನಡದೊಳಗೆ ಬಂದು ನೆಲೆಸಿದ ಇಂಗ್ಲಿಷ್ ಪದಗಳು

ದಿನದ ಮಾತಿನಲ್ಲಿ ಬೆರೆತುಹೋದ ಇಂಗ್ಲಿಷ್ ಪದಗಳೇ ಕೆಲವೊಮ್ಮೆ ಹೆಚ್ಚು ದಾರಿ ತಪ್ಪಿಸುತ್ತವೆ, ಏಕೆಂದರೆ ಅವು ಗೊತ್ತಿರುವ ಪದಗಳೆಂಬ ಧೈರ್ಯವಿರುತ್ತದೆ. ‘ಅವನು ಹಾಗಂದಿದ್ದಕ್ಕೆ ತುಂಬಾ ಫೀಲ್ ಆಯ್ತು’ ಎಂಬಲ್ಲಿ ‘ಫೀಲ್’ ಎಂದರೆ ನೋವು. ಇಂಗ್ಲಿಷಿನ ‘ಫೀಲ್’ ನೋವನ್ನಷ್ಟೇ ಅಲ್ಲ, ಯಾವ ಭಾವನೆಯನ್ನಾದರೂ ಸೂಚಿಸಬಲ್ಲುದು; ಅದರ ಮುಂದೆ ಪದವೊಂದಿಲ್ಲದಿದ್ದರೆ ಭಾವನೆ ಯಾವುದೆಂದು ತಿಳಿಯುವುದೇ ಇಲ್ಲ. ಆದ್ದರಿಂದ ‘ಐ ಫೆಲ್ಟ್ ಹರ್ಟ್’ ಎನ್ನಬೇಕು. ‘ಶಾಕ್ ಆಯ್ತು’ ಎಂಬುದನ್ನು ಸುದ್ದಿಗೂ ವಿದ್ಯುತ್ತಿಗೂ ಬಳಸಲಾಗುತ್ತದೆ; ಸುದ್ದಿ ಕೇಳಿ ದಿಗ್ಭ್ರಮೆಯಾದರೆ ‘ಐ ವಾಸ್ ಶಾಕ್ಡ್’, ಸ್ವಿಚ್ ಮುಟ್ಟಿ ಹೊಡೆದರೆ ‘ಐ ಗಾಟ್ ಆ್ಯನ್ ಎಲೆಕ್ಟ್ರಿಕ್ ಶಾಕ್’. ‘ಟೆನ್ಷನ್ ಆಗಿದೆ’ ಎಂಬುದಕ್ಕೆ ಸಂದರ್ಭ ನೋಡಿ ‘ಐ ಆ್ಯಮ್ ವರೀಡ್’ ಅಥವಾ ‘ಐ ಆ್ಯಮ್ ಟೆನ್ಸ್’ ಎನ್ನಬಹುದು. ‘ಟೆನ್ಷನ್ ಈಸ್ ದೇರ್ ಟು ಮಿ’ ಎನ್ನಲಾಗದು. ‘ನರ್ವಸ್’ ಎಂಬುದು ನರಗಳ ಕಾಯಿಲೆಯ ಹೆಸರೆಂದು ಹೆದರಿ ಅದನ್ನು ಬಿಡುವವರೂ ಇದ್ದಾರೆ. ಅದು ಪರೀಕ್ಷೆಗೋ ಭಾಷಣಕ್ಕೋ ಮುಂಚೆ ಎಲ್ಲರಿಗೂ ಆಗುವ ಅಳುಕು.

‘ಡಲ್’ ಎಂಬುದಂತೂ ನೇರವಾಗಿ ಕೇಡು ಮಾಡಬಲ್ಲ ಪದ. ‘ಇವತ್ತು ಯಾಕೋ ಹುಡುಗ ಡಲ್ ಆಗಿದ್ದಾನೆ’ ಎಂದು ಕನ್ನಡದಲ್ಲಿ ಅಕ್ಕರೆಯಿಂದ ಹೇಳುವ ಮಾತಿದೆ. ‘ದ ಬಾಯ್ ಈಸ್ ಡಲ್’ ಎಂದು ಇಂಗ್ಲಿಷಿನಲ್ಲಿ ಬರೆದಾಗ ಅದು ‘ಹುಡುಗ ಮಂದಬುದ್ಧಿಯವನು’ ಎಂದಾಗುತ್ತದೆ. ಪ್ರಗತಿ ಪತ್ರದ ಷರಾ ಕಾಲಮಿನಲ್ಲಿ ಆ ವಾಕ್ಯ ಕುಳಿತರೆ ಮುಂದಿನ ಶಾಲೆಯವರು ಓದುವುದು ಎರಡನೆಯ ಅರ್ಥವನ್ನೇ. ‘ಹಿ ಸೀಮ್ಸ್ ಲೋ ಟುಡೇ’ ಅಥವಾ ‘ಹಿ ಲುಕ್ಸ್ ಅನ್‌ಹ್ಯಾಪಿ’ ಎಂದು ಬರೆಯಬೇಕು. ಈ ಅಂಶವನ್ನು ವಿದ್ಯಾರ್ಥಿಗಳಿಗಿಂತ ಹೆಚ್ಚಾಗಿ ಶಿಕ್ಷಕರು ಗಮನಿಸಬೇಕಾಗಿದೆ.

‘ಡಿಪ್ರೆಶನ್’ ಎಂಬ ಪದವನ್ನೂ ಈಚೆಗೆ ಮಕ್ಕಳು ಸಲೀಸಾಗಿ ಆಡುತ್ತಾರೆ. ಪಂದ್ಯ ಸೋತ ಸಂಜೆ ಆಗುವುದು ಡಿಪ್ರೆಶನ್ ಅಲ್ಲ. ಅದಕ್ಕೆ ‘ಸ್ಯಾಡ್’, ‘ಅಪ್‌ಸೆಟ್’, ‘ಡಿಸಪಾಯಿಂಟೆಡ್’ ಎಂಬ ಪದಗಳಿವೆ. ವೈದ್ಯರು ಆ ಹೆಸರನ್ನು ಬಳಸುವುದು ಕಾಯಿಲೆಗೆ: ದಿನದ ಬಹುಪಾಲು, ಹೆಚ್ಚುಕಡಿಮೆ ಪ್ರತಿದಿನವೂ, ಕನಿಷ್ಠ 2 ವಾರಗಳ ಕಾಲ ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ಅದರೊಡನೆ ನಿದ್ರೆ, ಹಸಿವು, ಏಕಾಗ್ರತೆಗಳು ಕೆಡುವುದು. ಹಾಗೆಂದು ಮಗುವೊಂದು ‘ಐ ಆ್ಯಮ್ ಡಿಪ್ರೆಸ್ಡ್’ ಎಂದು ಬರೆದಾಗ ಪದಪ್ರಯೋಗ ತಪ್ಪೆಂದು ಹೊಡೆದು ಮುಂದೆ ಹೋಗಬಾರದು. ಕರೆದು ಕೂರಿಸಿ ಕನ್ನಡದಲ್ಲಿ ಕೇಳಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ತೊಂದರೆಯಲ್ಲಿರುವ ಮಕ್ಕಳಿಗಾಗಿ 1098 ಇದೆ. ಮನಸ್ಸಿನ ನೋವನ್ನು ಹೇಳಿಕೊಳ್ಳಲು ಇಂಗ್ಲಿಷ್ ಬರಬೇಕಾದ ಅಗತ್ಯವಿಲ್ಲ.

ತಿದ್ದುವ ಅಭ್ಯಾಸ

ಆರಂಭದಲ್ಲಿ ಹೇಳಿದ ಬಾಲಕಿ ತನ್ನ ತರಗತಿ ಶಿಕ್ಷಕಿಗೆ ಬರೆಯಬಹುದಾದ ಪತ್ರದ ಭಾಗವನ್ನು ಇಲ್ಲಿ ಅಭ್ಯಾಸಕ್ಕಾಗಿ ರಚಿಸಿ ಕೊಡಲಾಗಿದೆ. ವಿದ್ಯಾರ್ಥಿಗಳು ಕೆಳಗಿನ ವಿವರಣೆಯನ್ನು ಮುಚ್ಚಿಟ್ಟುಕೊಂಡು ಮೊದಲು ತಾವೇ ತಿದ್ದತಕ್ಕದ್ದು.

‘ಮೇಡಂ, ಐ ಆ್ಯಮ್ ಬೋರಿಂಗ್ ಇನ್ ಹಾಸ್ಟೆಲ್. ಎವ್ರಿ ನೈಟ್ ಮೈ ಮದರ್ ಮೆಮೊರಿ ಈಸ್ ಕಮಿಂಗ್. ಐ ಆ್ಯಮ್ ಫಿಯರ್ ಆಫ್ ಮ್ಯಾಥ್ಸ್ ಟೆಸ್ಟ್. ಯೆಸ್ಟರ್‌ಡೇ ಮೈ ಫ್ರೆಂಡ್ ಟೋಲ್ಡ್ ಒನ್ ವರ್ಡ್, ಐ ಫೀಲಿಂಗ್ ಸೋ ಮಚ್. ಐ ಆ್ಯಮ್ ಆ್ಯಂಗ್ರಿ ಆನ್ ಹರ್. ಬಟ್ ಐ ಆ್ಯಮ್ ಇಂಟರೆಸ್ಟಿಂಗ್ ಇನ್ ಕಬಡ್ಡಿ. ಮೈ ಫಾದರ್ ಈಸ್ ಪ್ರೌಡ್ ಆನ್ ಮಿ.’

ತಿದ್ದಿದ ರೂಪ: ‘ಮೇಡಂ, ಐ ಆ್ಯಮ್ ಹೋಮ್‌ಸಿಕ್ ಇನ್ ದ ಹಾಸ್ಟೆಲ್. ಐ ಮಿಸ್ ಮೈ ಮದರ್ ಎವ್ರಿ ನೈಟ್. ಐ ಆ್ಯಮ್ ನರ್ವಸ್ ಅಬೌಟ್ ದ ಮ್ಯಾಥ್ಸ್ ಟೆಸ್ಟ್. ಯೆಸ್ಟರ್‌ಡೇ ಮೈ ಫ್ರೆಂಡ್ ಸೆಡ್ ಸಮ್‌ಥಿಂಗ್ ಆ್ಯಂಡ್ ಐ ಫೆಲ್ಟ್ ಹರ್ಟ್. ಐ ಆ್ಯಮ್ ಆ್ಯಂಗ್ರಿ ವಿತ್ ಹರ್. ಬಟ್ ಐ ಆ್ಯಮ್ ಇಂಟರೆಸ್ಟೆಡ್ ಇನ್ ಕಬಡ್ಡಿ. ಮೈ ಫಾದರ್ ಈಸ್ ಪ್ರೌಡ್ ಆಫ್ ಮಿ.’

ಮೂರನೆಯ ವಾಕ್ಯಕ್ಕೆ ಎರಡು ಉತ್ತರಗಳು ಸಾಧ್ಯ. ‘ಐ ಆ್ಯಮ್ ಅಫ್ರೇಡ್ ಆಫ್ ದ ಮ್ಯಾಥ್ಸ್ ಟೆಸ್ಟ್’ ಎಂಬುದರಲ್ಲಿ ವ್ಯಾಕರಣದೋಷವಿಲ್ಲ, ಅಲ್ಲಿರುವುದು ಭಯ. ‘ನರ್ವಸ್’ ಎಂಬುದರಲ್ಲಿರುವುದು ಅಳುಕು. ಇವೆರಡರಲ್ಲಿ ಯಾವುದೆಂದು ಬಲ್ಲವಳು ಬರೆದವಳೊಬ್ಬಳೇ. ಅದೇ ರೀತಿ ಮೊದಲ ವಾಕ್ಯದ ಬಾಲಕಿಗೆ ನಿಜಕ್ಕೂ ಹೊತ್ತು ಹೋಗದ ಬೇಸರವೇ ಆಗಿದ್ದರೆ ‘ಬೋರ್ಡ್’ ಎಂಬುದೇ ಸರಿ. ಆದ್ದರಿಂದ ಶಿಕ್ಷಕರು ಇಂಥ ವಾಕ್ಯಗಳನ್ನು ತಿದ್ದುವ ಮುನ್ನ, ಏನಾಯಿತೆಂದು ವಿದ್ಯಾರ್ಥಿಯನ್ನು ಕನ್ನಡದಲ್ಲಿ ವಿಚಾರಿಸಿ, ಅನಂತರ ಇಬ್ಬರೂ ಕೂಡಿ ಪದವನ್ನು ಆರಿಸಿಕೊಳ್ಳತಕ್ಕದ್ದು.

ಮನೆಗೆಲಸವಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ವಾರ ಕಾಲ ದಿನಕ್ಕೆ ಒಂದು ವಾಕ್ಯದಂತೆ ತನ್ನ ಆ ದಿನದ ಭಾವನೆಯನ್ನು ಕಾರಣಸಹಿತ ಇಂಗ್ಲಿಷಿನಲ್ಲಿ ಬರೆಯುವುದು. ಒಮ್ಮೆ ಬಳಸಿದ ಪದವನ್ನು ಆ ವಾರದಲ್ಲಿ ಮತ್ತೆ ಬಳಸಬಾರದು. ಈ ವಾಕ್ಯಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸುವಂತಿಲ್ಲ, ಗೋಡೆಗೆ ಅಂಟಿಸುವಂತಿಲ್ಲ. ಬರೆದವರು ಒಪ್ಪಿದರೆ ಶಿಕ್ಷಕರು ಮಾತ್ರ ನೋಡಿ ಪುಸ್ತಕವನ್ನು ಅದೇ ದಿನ ಅವರ ಕೈಗೆ ಹಿಂದಿರುಗಿಸತಕ್ಕದ್ದು.